ಲಾರಿ ಚಾಲಕನ ನಿದ್ದೆಯ ಲೆಕ್ಕ

ಈ ವಾರ ಒಂದು ಲೆಕ್ಕದಿಂದ ಶುರುಮಾಡೋಣ. ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲ ಕಾಲ, ವೇಗ, ದೂರದ ಲೆಕ್ಕ. ಬೆಂಗಳೂರಿನಿಂದ ಮುಂಬಯಿಗೆ ಹೆದ್ದಾರಿಯಲ್ಲಿ ಸುಮಾರು 980 ಕಿ.ಮೀ. ದೂರ. ಸರಕು ತುಂಬಿದ ಲಾರಿಯೊಂದು ಸರಾಸರಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಚಾಲಕ ದಿನಕ್ಕೆ 8 ಗಂಟೆ ಮಾತ್ರ ಗಾಡಿ ಓಡಿಸುತ್ತಾನೆ. ಹಾಗಾದರೆ ಅವನು ಎಷ್ಟನೆಯ ದಿನ ಮುಂಬಯಿ ಮುಟ್ಟುತ್ತಾನೆ?

980ನ್ನು 40ರಿಂದ ಭಾಗಿಸಿದರೆ ಇಪ್ಪತ್ತನಾಲ್ಕೂವರೆ ಗಂಟೆ. ಮೂರು ದಿನಕ್ಕೆ 24 ಗಂಟೆ ಮುಗಿಯಿತು. ಉಳಿದ ಅರ್ಧ ಗಂಟೆಗಾಗಿ ನಾಲ್ಕನೆಯ ದಿನದ ಬೆಳಗಿನಲ್ಲಿ ಮುಂಬಯಿ. ಪುಸ್ತಕದ ಕೊನೆಯ ಪುಟದಲ್ಲಿ ಕೊಡುವ ಉತ್ತರ ಇದು. ಆದರೆ ಯಾವುದಾದರೂ ಸಾಗಣೆ ಕಚೇರಿಗೆ ಹೋಗಿ, ‘ಸಾಮಾನು ಯಾವಾಗ ತಲಪುತ್ತದೆ?’ ಎಂದು ಕೇಳಿ ನೋಡಿ. ‘ನಾಳಿದ್ದು ಬೆಳಿಗ್ಗೆ’ ಎನ್ನುತ್ತಾರೆ. ತರಕಾರಿ, ಹೂವು, ಮೀನು ಇದ್ದರಂತೂ ಅದಕ್ಕಿಂತಲೂ ಬೇಗ. ಪುಸ್ತಕದ ಉತ್ತರಕ್ಕೂ ಕಚೇರಿಯ ಉತ್ತರಕ್ಕೂ ಕನಿಷ್ಠ ಒಂದು ದಿನದ ವ್ಯತ್ಯಾಸ ಇದೆಯಲ್ಲ, ಆ ಹೊತ್ತು ಎಲ್ಲಿಂದ ಬಂತು?

ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಮಕ್ಕಳು ಒಕ್ಕೊರಲಿನಿಂದ ‘ಸ್ಪೀಡು ಸಾರ್’ ಎನ್ನುತ್ತಾರೆ. ಅದು ಅಷ್ಟು ಸರಿಯಲ್ಲ. ಊರು, ಟೋಲು, ಘಾಟಿ, ರಸ್ತೆ ಕಾಮಗಾರಿ ಇವೆಲ್ಲ ಲಾರಿಯ ವೇಗವನ್ನು ಹಿಡಿದು ಜಗ್ಗುತ್ತವೆ. ವೇಗ ಹೆಚ್ಚಿಸಲು ನಿಜವಾಗಿ ಅವಕಾಶ ಇರುವುದು ತೆರೆದ ರಸ್ತೆಯಲ್ಲಿ ಮಾತ್ರ. ಅಂಥ ರಸ್ತೆ 300 ಕಿ.ಮೀ. ಸಿಕ್ಕಿತು, ಅಲ್ಲಿ ಚಾಲಕ 60ರ ಬದಲು 80ರಲ್ಲಿ ಓಡಿಸಿದ ಎನ್ನಿ. ಐದು ಗಂಟೆಯ ದಾರಿ ಮೂರೂಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಉಳಿದದ್ದು ಒಂದೂಕಾಲು ಗಂಟೆ. ಬಾಕಿ ಹೊತ್ತೆಲ್ಲ ಬಂದದ್ದು ಇನ್ನೊಂದು ಖಜಾನೆಯಿಂದ. ಅದು ಚಾಲಕನ ನಿದ್ದೆ.

ಇದರಲ್ಲಿ ಸರ್ಕಾರದ ಕಾನೂನು ಅವಸರ ಮಾಡುತ್ತಿದೆಯೇ ಎಂದು ನೋಡಿದರೆ ಸೋಜಿಗವಾಗುತ್ತದೆ. ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ ಎಂಬ ತೆರಿಗೆ ಪತ್ರಕ್ಕೆ 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ ಕೊಡುತ್ತಾರೆ. 980 ಕಿ.ಮೀ. ದಾರಿಗೆ ಐದು ದಿನ! ತೆರಿಗೆ ಇಲಾಖೆಯ ಗಡಿಯಾರ ಐದು ದಿನ ಎನ್ನುತ್ತದೆ. ಕಾರ್ಮಿಕ ಕಾನೂನಿನ ಗಡಿಯಾರ ಮೂರು ದಿನಕ್ಕೆ ಮೇಲೆ ಎನ್ನುತ್ತದೆ. ವ್ಯಾಪಾರದ ಗಡಿಯಾರ ಮಾತ್ರ ನಾಳಿದ್ದು ಬೆಳಿಗ್ಗೆ ಎನ್ನುತ್ತದೆ. ಲಾರಿ ಓಡುವುದು ಈ ಮೂರನೆಯ ಗಡಿಯಾರದ ಪ್ರಕಾರ.

ಕಾರ್ಮಿಕ ಕಾನೂನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ದಾರಿಯಾದರೆ ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆಯವರೆಗೆ ಹೋಗಬಹುದು. ಐದು ಗಂಟೆ ಆದಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಲೇಬೇಕು ಎಂದು ಅದರಲ್ಲಿ ಬರೆದಿತ್ತು. 1988ರ ಮೋಟಾರು ವಾಹನ ಕಾಯ್ದೆಯೂ ಈ ಗಂಟೆಗಳನ್ನೇ ಒಪ್ಪಿಕೊಂಡಿತು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆ ಹೋಗಿ ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ದಿನಕ್ಕೆ ಎಂಟು ಗಂಟೆಯ ಮಾತು ಅಲ್ಲಿಯೂ ಉಳಿದಿದೆ. ಕಾಗದದ ಮೇಲೆ ನಮ್ಮ ನಿಯಮ ಯಾವ ದೇಶಕ್ಕೂ ಕಡಿಮೆಯದಲ್ಲ.

ಆದರೆ 1961ರ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ನಮ್ಮ ದೇಶದಲ್ಲಿ ಒಂದೆರಡು ಲಾರಿಗಳ ಮಾಲೀಕರೇ ಹೆಚ್ಚು. ಎಷ್ಟೋ ಕಡೆ ಮಾಲೀಕನೇ ಚಾಲಕ, ತಮ್ಮನೇ ಕ್ಲೀನರ್. ಇನ್ನೊಂದು ಸೂಕ್ಷ್ಮವೂ ಅದರಲ್ಲಿತ್ತು. ನಿಲ್ದಾಣದಲ್ಲಿ ಸುಮ್ಮನೆ ಕಾದುಕೊಂಡಿರುವುದು ಹದಿನೈದು ನಿಮಿಷಕ್ಕಿಂತ ಕಡಿಮೆಯಾದರೆ ಅದನ್ನು ಕೆಲಸ ಎಂದು ಸ್ಪಷ್ಟವಾಗಿ ಎಣಿಸಿತ್ತು. ಅದಕ್ಕಿಂತ ಹೆಚ್ಚು ಕಾದರೆ? ಅಲ್ಲಿ ಕಾಯ್ದೆ ಬಾಯಿ ಬಿಟ್ಟು ಹೇಳಲಿಲ್ಲ. ಲೋಡಿಗಾಗಿ ಅರ್ಧ ದಿನ ಕಾದವನಿಗೆ ಈ ಮೌನದ ಬೆಲೆ ಗೊತ್ತು.

ಒಂದು ಒಳ್ಳೆಯ ನಿಯಮವೂ ಇತ್ತು. ದೇಶವೆಲ್ಲ ಸುತ್ತುವ ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರು ಇರಬೇಕಾಗಿತ್ತು. ಒಬ್ಬ ಓಡಿಸುವಾಗ ಇನ್ನೊಬ್ಬ ಹಿಂದಿನ ಹಲಗೆಯ ಮೇಲೆ ಮಲಗಬೇಕು. ಎಷ್ಟೋ ಲಾರಿಗಳಲ್ಲಿ ಎರಡನೆಯ ಚಾಲಕ ಕಾಗದದಲ್ಲಿ ಮಾತ್ರ ಇರುತ್ತಿದ್ದ ಎಂಬುದು ದಾರಿಯ ಢಾಬಾದವರಿಗೂ ಗೊತ್ತಿದ್ದ ಸಂಗತಿ. 2018ರ ನವೆಂಬರಿನಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ನಿಯಮ ಪಾಲನೆಯಾಗುತ್ತಿಲ್ಲ ಎಂದಾದರೆ ಪಾಲಿಸುವಂತೆ ಮಾಡುವುದು ಒಂದು ದಾರಿ, ನಿಯಮವನ್ನೇ ಅಳಿಸುವುದು ಇನ್ನೊಂದು. ಎರಡನೆಯದು ಸುಲಭ. ಎರಡನೆಯ ಚಾಲಕನ ಸಂಬಳ ಉಳಿದದ್ದು ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಅವನಿದ್ದಿದ್ದರೆ ತಪ್ಪುತ್ತಿದ್ದ ಅಪಘಾತ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಇನ್ನು ನಿದ್ದೆಯ ವಿಜ್ಞಾನಕ್ಕೆ ಬರೋಣ. ಇದು ವಿದ್ಯಾರ್ಥಿಗಳಿಗೂ ಬೇಕಾದದ್ದು, ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ಎಬ್ಬಿಸಿ ಕೂರಿಸುವ ತಂದೆತಾಯಿಗಳಿಗೂ ಬೇಕಾದದ್ದು. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಶೇಖರವಾಗುತ್ತಾ ಹೋಗುತ್ತದೆ. ಅದು ಹೆಚ್ಚಾದಂತೆ ನಿದ್ದೆಯ ಒತ್ತಡ ಹೆಚ್ಚು. ನಿದ್ದೆ ಮಾಡಿದಾಗ ಅದು ತಗ್ಗುತ್ತದೆ. ಚಹಾ, ಕಾಫಿಯಲ್ಲಿರುವ ಕೆಫೀನ್ ಅಡಿನೋಸಿನ್ ಕೂರಬೇಕಾದ ಕುರ್ಚಿಯಲ್ಲಿ ತಾನು ಹೋಗಿ ಕೂರುತ್ತದೆ, ಅಷ್ಟೆ. ಅಡಿನೋಸಿನ್ ಎಲ್ಲಿಯೂ ಹೋಗಿರುವುದಿಲ್ಲ, ಬಾಗಿಲ ಹೊರಗೆ ಕಾದಿರುತ್ತದೆ. ಕೆಫೀನ್ ಎದ್ದುಹೋದ ಕೂಡಲೇ ನುಗ್ಗುತ್ತದೆ. ಚಹಾ ಕುಡಿದರೆ ನಿದ್ದೆಯ ಸಾಲ ತೀರುವುದಿಲ್ಲ. ಸಾಲಗಾರನನ್ನು ನಾಳೆ ಬಾ ಎಂದು ಕಳುಹಿಸಿದಂತೆ ಆಗುತ್ತದೆ.

ಇದರ ಜೊತೆಗೆ ಮಿದುಳಿನಲ್ಲಿ ಒಂದು ಗಡಿಯಾರವಿದೆ. ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲುಗಡೆ, ಸಾಸಿವೆ ಕಾಳಿಗಿಂತ ಚಿಕ್ಕ ಜಾಗದಲ್ಲಿ. ಜೀವಕೋಶಗಳೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಹಾಲ್, ರೋಸ್‌ಬಾಶ್, ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಈ ಗಡಿಯಾರದ ಪ್ರಕಾರ ರಾತ್ರಿ ಎರಡರಿಂದ ಐದರವರೆಗೆ ಎಚ್ಚರ ತೀರಾ ಕೆಳಗಿಳಿಯುತ್ತದೆ. ಮೈಯ ಉಷ್ಣತೆಯೂ ಆಗ ಕಡಿಮೆ. ಮಧ್ಯಾಹ್ನ ಎರಡರ ನಂತರ ಇನ್ನೊಂದು ಚಿಕ್ಕ ಇಳಿತ. ಮಧ್ಯಾಹ್ನದ ಊಟದ ನಂತರದ ಪಿರಿಯಡ್ಡಿನಲ್ಲಿ ವಿಜ್ಞಾನ ಪಾಠ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ! ಬೆಳಗಿನ ಜಾವದ ಇಳಿತವನ್ನು ಅಭ್ಯಾಸದಿಂದ ಗೆಲ್ಲಬಹುದು ಎಂದು ಹಳೆಯ ಚಾಲಕರು ಹೇಳುವುದುಂಟು. ಅಭ್ಯಾಸದಿಂದ ಬರುವುದು ಧೈರ್ಯ. ಗಡಿಯಾರ ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬುವರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ದಿನ ಜನರನ್ನು ನಿದ್ದೆಯಿಲ್ಲದೆ ಕೂರಿಸಿ, ಕೈ ಕಣ್ಣುಗಳ ಹೊಂದಾಣಿಕೆ ಬೇಕಾದ ಕೆಲಸ ಕೊಟ್ಟು ಅಳೆದರು. ಇನ್ನೊಂದು ದಿನ ಅವರಿಗೇ ಸ್ವಲ್ಪಸ್ವಲ್ಪವಾಗಿ ಮದ್ಯ ಕೊಟ್ಟು ಅದೇ ಕೆಲಸ ಮಾಡಿಸಿದರು. ಹದಿನೇಳು ಗಂಟೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇದ್ದವನ ಮಟ್ಟಕ್ಕೆ ಇಳಿದಿತ್ತು. ಇಪ್ಪತ್ತನಾಲ್ಕು ಗಂಟೆ ಎಚ್ಚರವಿದ್ದರೆ ಸುಮಾರು 0.10. ನಮ್ಮ ದೇಶದಲ್ಲಿ ಚಾಲಕನ ರಕ್ತದಲ್ಲಿ ಇರಬಹುದಾದ ಮದ್ಯದ ಮಿತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಇನ್ನೂ ಸ್ಟಿಯರಿಂಗ್ ಹಿಡಿದಿರುವವನು, ಒಂದು ತೊಟ್ಟೂ ಕುಡಿಯದೆ, ಕುಡಿದವನ ಸಾಲಿಗೆ ಸೇರಿದ. ಪೊಲೀಸರ ಹತ್ತಿರ ಊದಿಸಿ ನೋಡುವ ಯಂತ್ರ ಇದೆ. ನಿದ್ದೆಗೆಟ್ಟವನನ್ನು ಹಿಡಿಯುವ ಯಂತ್ರ ಅವರ ಕೈಯಲ್ಲಿಲ್ಲ.

ಹೀಗೆ ಬಳಲಿದ ಮಿದುಳು ಒಪ್ಪಿಗೆ ಕೇಳದೆಯೇ ಕೆಲವು ಸೆಕೆಂಡು ಮಲಗಿಬಿಡುತ್ತದೆ. ಕಿರುನಿದ್ದೆ ಎನ್ನೋಣ. ಕಣ್ಣು ತೆರೆದಿದ್ದರೂ ಇದು ಆಗಬಹುದು. ನಾಲ್ಕು ಸೆಕೆಂಡು ಅಂದರೆ ಬಹಳವೇನಲ್ಲ. ಆದರೆ 60 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 16.7 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡಿಗೆ 67 ಮೀಟರ್. ಮೂರು ಕ್ರಿಕೆಟ್ ಪಿಚ್‌ಗಳಿಗಿಂತ ಉದ್ದದ ದಾರಿಯನ್ನು ಲಾರಿ ಚಾಲಕನಿಲ್ಲದೆ ಕ್ರಮಿಸಿತು. ಮುಂದೆ ರಸ್ತೆ ನೇರವಾಗಿದ್ದರೆ ಅವನಿಗೆ ತಾನು ಮಲಗಿದ್ದುದೇ ತಿಳಿಯುವುದಿಲ್ಲ. ಮುಂದೆ ಒಂದು ಕೆಟ್ಟು ನಿಂತ ಟ್ರ್ಯಾಕ್ಟರ್ ಇದ್ದರೆ ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೂ ಇರುವುದಿಲ್ಲ.

ಎಚ್ಚರವಿದ್ದವನಿಗಾದರೂ ಲಾರಿ ಥಟ್ಟನೆ ನಿಲ್ಲುವುದಿಲ್ಲ. ಅಪಾಯ ಕಂಡು ಕಾಲು ಪೆಡಲಿಗೆ ಹೋಗಲು ಒಂದು ಸೆಕೆಂಡು. ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ನಡೆಯುವುದು. ಗಾಳಿ ಕೊಳವೆಯಲ್ಲಿ ಸಾಗಿ ಚಕ್ರದ ಹತ್ತಿರ ಒತ್ತಡ ಏರಲು ಇನ್ನರ್ಧ ಸೆಕೆಂಡು ಎನ್ನಿ. ಆಮೇಲೆ ಬ್ರೇಕು ಚೆನ್ನಾಗಿ ಹಿಡಿದು, ಸೆಕೆಂಡಿಗೆ 5 ಮೀಟರ್‌ನಂತೆ ವೇಗ ಇಳಿದರೂ, 60ರಲ್ಲಿ ಬರುತ್ತಿದ್ದ ಲಾರಿ ಒಟ್ಟು ಸುಮಾರು 53 ಮೀಟರ್ ಮುಂದೆ ಹೋಗಿ ನಿಲ್ಲುತ್ತದೆ. 80ರಲ್ಲಿ ಬರುತ್ತಿದ್ದರೆ ಸುಮಾರು 83 ಮೀಟರ್. ವೇಗ ಮೂರನೆಯ ಒಂದು ಭಾಗ ಹೆಚ್ಚಾದರೆ ಚಲನಶಕ್ತಿ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ, ಏಕೆಂದರೆ ಅದು ವೇಗದ ವರ್ಗವನ್ನು ಅವಲಂಬಿಸಿದೆ. ಲಾರಿಗಳಿಗೆ 80 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ಹಾಕಬೇಕೆಂಬ ನಿಯಮ ಇದಕ್ಕಾಗಿಯೇ. ಅದರ ತಂತಿ ಕಿತ್ತಿಟ್ಟಿರುವ ಲಾರಿಗಳ ಬಗ್ಗೆ ಇಲ್ಲಿ ಬರೆಯಲು ಹೊರಟರೆ ಪುಟ ಸಾಲದು.

ಭೌತಶಾಸ್ತ್ರದ ದೃಷ್ಟಿಯಿಂದ ಸ್ವಾರಸ್ಯವೂ ಭಯವೂ ಹೆಚ್ಚಿರುವುದು ಘಾಟಿಯಲ್ಲಿ. ನಮ್ಮ ರಾಜ್ಯದಲ್ಲಿ ಶಿರಾಡಿ, ಚಾರ್ಮಾಡಿ, ಅರಬೈಲು ಮುಂತಾದ ಘಾಟಿಗಳಿವೆ. ಎರಡು ಅಚ್ಚಿನ ಸಾಮಾನ್ಯ ಲಾರಿಯೊಂದು ಸರಕು ಸೇರಿ 18.5 ಟನ್ ತೂಗುತ್ತದೆ. 2018ರ ಜುಲೈವರೆಗೆ ಈ ಮಿತಿ 16.2 ಟನ್ ಇತ್ತು. ಮುಂದಿನ ಅಚ್ಚಿನ ಭಾರವನ್ನು 6ರಿಂದ 7 ಟನ್ನಿಗೆ, ಹಿಂದಿನದನ್ನು 10.2ರಿಂದ 11.5 ಟನ್ನಿಗೆ ಏರಿಸಿದ್ದರಿಂದ ಅದು ಹೆಚ್ಚಿತು. ಆ ಲಾರಿ ಘಾಟಿಯಲ್ಲಿ 600 ಮೀಟರ್ ಎತ್ತರ ಇಳಿಯಿತು ಎನ್ನಿ. ದ್ರವ್ಯರಾಶಿ, ಗುರುತ್ವ, ಎತ್ತರ ಇವನ್ನು ಗುಣಿಸಿದರೆ ಸುಮಾರು 10 ಕೋಟಿ 90 ಲಕ್ಷ ಜೂಲ್. ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ವೇಗವಾಗಿ ಮಾರ್ಪಡಲು ಬಿಟ್ಟರೆ ಲಾರಿ ಕಂದಕಕ್ಕೆ. ಬಿಡಬಾರದು ಎಂದರೆ ಶಾಖವಾಗಬೇಕು. ಒಂದು ಕಿಲೋ ಅಡುಗೆ ಅನಿಲ ಉರಿದರೆ ಬರುವ ಶಾಖ ಸುಮಾರು 4 ಕೋಟಿ 60 ಲಕ್ಷ ಜೂಲ್. ಹಾಗಾದರೆ ಇಳಿಯುವಷ್ಟರಲ್ಲಿ ನಿಮ್ಮ ಮನೆಯ 14.2 ಕೆ.ಜಿ. ಸಿಲಿಂಡರಿನ ಆರನೆಯ ಒಂದು ಭಾಗವನ್ನು ಲಾರಿಯ ಚಕ್ರಗಳ ಹತ್ತಿರ ಉರಿಸಿದಂತೆ ಆಯಿತು!

ಬ್ರೇಕಿನ ಡ್ರಮ್ಮುಗಳು ಅಷ್ಟೂ ಶಾಖವನ್ನು ತಾವೇ ಹೊರಬೇಕಾದರೆ ಕಾದು ಕೆಂಪಾಗುವ ಮಟ್ಟಕ್ಕೆ ಬರುತ್ತವೆ. ಕಾದ ಡ್ರಮ್ ಹಿಗ್ಗುತ್ತದೆ, ಅದನ್ನು ಒತ್ತಬೇಕಾದ ಪಟ್ಟಿಯ ಹಿಡಿತ ಸಡಿಲವಾಗುತ್ತದೆ. ಪೆಡಲ್ ಒತ್ತಿದರೂ ಲಾರಿ ಕೇಳುವುದಿಲ್ಲ. ಮರುದಿನದ ಪತ್ರಿಕೆಯಲ್ಲಿ ‘ಬ್ರೇಕ್ ವಿಫಲಗೊಂಡು’ ಎಂದು ಬರುತ್ತದೆ. ಬ್ರೇಕು ವಿಫಲವಾಗುವ ಮೊದಲು ಗೇರು ವಿಫಲವಾಗಿರುತ್ತದೆ. ಹತ್ತುವ ಗೇರಿನಲ್ಲೇ ಇಳಿ ಎಂಬುದು ಹಳೆಯ ಚಾಲಕರ ಮಾತು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ತಾನೇ ಹಿಂದಕ್ಕೆ ಜಗ್ಗುತ್ತದೆ, ಶಾಖದ ದೊಡ್ಡ ಪಾಲು ಎಂಜಿನ್ನಿನ ಮೂಲಕ ಹೊರಗೆ ಹೋಗುತ್ತದೆ, ಬ್ರೇಕಿಗೆ ಉಸಿರಾಡಲು ಬಿಡುವು ಸಿಗುತ್ತದೆ. ನ್ಯೂಟ್ರಲ್‌ಗೆ ಹಾಕಿ ಇಳಿದರೆ ಅಷ್ಟೂ ಭಾರ ಬ್ರೇಕಿನ ಮೇಲೆ.

ಇದು ಗೊತ್ತಿದ್ದೂ ಚಾಲಕ ನ್ಯೂಟ್ರಲ್ ಏಕೆ ಮಾಡುತ್ತಾನೆ? ಡೀಸೆಲ್ ಉಳಿಸಲು. ಉಳಿಸಿದ ಡೀಸೆಲ್ಲಿಗೆ ಇಷ್ಟು ಎಂದು ಕೊಡುವ ಮಾಲೀಕರಿದ್ದಾರೆ. ಹೆಚ್ಚು ಖರ್ಚಾದರೆ ಸಂಬಳದಲ್ಲಿ ಹಿಡಿಯುವವರೂ ಇದ್ದಾರೆ. ಚಾಲಕನ ತಪ್ಪು ಎಂದು ನಾವು ಯಾವುದನ್ನು ಕರೆಯುತ್ತೇವೋ ಅದಕ್ಕೆ ಕಚೇರಿಯಲ್ಲಿ ಒಂದು ದರ ಗೊತ್ತುಮಾಡಿಟ್ಟಿರುತ್ತಾರೆ. ಟ್ರಿಪ್ಪಿಗಿಷ್ಟು ಎಂದು ಸಂಬಳ ಕೊಟ್ಟರೆ ಚಾಲಕ ಮಲಗಿದ ಪ್ರತಿ ಗಂಟೆಗೂ ಅವನ ಜೇಬಿನಿಂದ ಹಣ ಕಳೆಯುತ್ತದೆ. ತಿಂಗಳಿಗೆ ನಾಲ್ಕರ ಬದಲು ಆರು ಟ್ರಿಪ್ ಹೊಡೆದವನ ಮಗನ ಫೀಸು ಕಟ್ಟಲಾಗುತ್ತದೆ. ಅವನಿಗೆ ಹೋಗಿ ಎಂಟು ಗಂಟೆ ಮಲಗು ಎಂದು ಉಪದೇಶ ಮಾಡುವುದರಲ್ಲಿ ಏನು ಅರ್ಥವಿದೆ?

ಭಾರದ ಮಾತು ಸಂಕ್ಷೇಪವಾಗಿ ಹೇಳುತ್ತೇನೆ. 18.5 ಟನ್ನಿನ ಲಾರಿಗೆ ಆರು ಟನ್ ಹೆಚ್ಚು ಹೇರಿದರೆ ಮೇಲಿನ ಘಾಟಿಯ ಲೆಕ್ಕದಲ್ಲಿ ಎರಡೂವರೆ ಕಿಲೋಗೂ ಕಡಿಮೆ ಇದ್ದ ಅನಿಲ ಮೂರು ಕಿಲೋ ದಾಟುತ್ತದೆ. ಬ್ರೇಕು ಮಾತ್ರ ಹಳೆಯದೇ. 2019ರ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ. ಆರು ಟನ್ನಿಗೆ 32,000 ರೂಪಾಯಿ ಆಗುತ್ತದೆ. ಹೆಚ್ಚಿನ ಸರಕನ್ನು ಅಲ್ಲೇ ಇಳಿಸದೆ ಗಾಡಿ ಕದಲಬಾರದು ಎಂಬ ಮಾತೂ ಕಾಯ್ದೆಯಲ್ಲಿದೆ. ನನ್ನ ಮಟ್ಟಿಗೆ ದಂಡಕ್ಕಿಂತ ಈ ಇಳಿಸುವ ನಿಯಮವೇ ದೊಡ್ಡದು. ದಂಡವನ್ನು ಬಾಡಿಗೆಯ ಜೊತೆಗೆ ಸೇರಿಸಿಕೊಳ್ಳಬಹುದು. ಈರುಳ್ಳಿ ಮೂಟೆಗಳನ್ನು ಹೆದ್ದಾರಿಯ ಬದಿಯಲ್ಲಿ ಇಳಿಸಿದರೆ ಕಾಯುವವರು ಯಾರು?

2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೊತ್ತು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಅರಬೈಲು ಘಾಟಿಯ ಬಳಿ ಕಣಿವೆಗೆ ಉರುಳಿತು. ಸರಕಿನ ಜೊತೆಯಲ್ಲೇ ಕುಳಿತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು. ಸರಕು ಲಾರಿಯಲ್ಲಿ ಜನರನ್ನು ಕೂರಿಸಬಾರದು ಎಂಬುದು ಎಲ್ಲರಿಗೂ ತಿಳಿದ ನಿಯಮ. ಸಂತೆ ಬೆಳಿಗ್ಗೆ ಶುರುವಾಗುತ್ತದೆ, ತರಕಾರಿಯ ಜೊತೆಗೇ ಅದನ್ನು ಮಾರುವವನೂ ತಲಪಬೇಕು, ಆ ಹೊತ್ತಿನಲ್ಲಿ ಅವನಿಗೆ ಬೇರೆ ವಾಹನ ಇರಲಿಲ್ಲವೇ ಎಂದು ಯಾರೂ ಹೆಚ್ಚು ಚರ್ಚಿಸಿದಂತೆ ಕಾಣಲಿಲ್ಲ. ಅಲ್ಲಿಯೂ ವೇಳಾಪಟ್ಟಿ ಬರೆದದ್ದು ಸಂತೆ.

ಬೇರೆ ದೇಶಗಳವರು ಏನು ಮಾಡಿದ್ದಾರೆ? ಯೂರೋಪಿನ ಲಾರಿಗಳಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರ ಕಡ್ಡಾಯ. ಮೊದಲು ಅದರಲ್ಲಿ ಒಂದು ದುಂಡನೆಯ ಕಾಗದ ತಿರುಗುತ್ತಿತ್ತು, ಗಾಡಿ ಓಡಿದ ಮತ್ತು ನಿಂತ ಹೊತ್ತನ್ನು ಮುಳ್ಳೊಂದು ಅದರ ಮೇಲೆ ಗೀರುತ್ತಿತ್ತು. 2006ರಿಂದ ಹೊಸ ಲಾರಿಗಳಲ್ಲಿ ಡಿಜಿಟಲ್ ಯಂತ್ರ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಚಾಲನೆ. ಪೊಲೀಸರು ಯಂತ್ರವನ್ನು ನೋಡಿದರೆ ಸಾಕು. ಅಮೆರಿಕದಲ್ಲಿ 2017ರ ಡಿಸೆಂಬರಿನಿಂದ ಇಂಥದೇ ವಿದ್ಯುನ್ಮಾನ ದಾಖಲೆ ಕಡ್ಡಾಯವಾಯಿತು. ಅಲ್ಲಿ 11 ಗಂಟೆ ಚಾಲನೆಯ ಮಿತಿ ಇದೆ, ನಮಗಿಂತ ಹೆಚ್ಚೇ. ಆದರೆ ಅದನ್ನು ಎಣಿಸುತ್ತಾರೆ.

ನಮ್ಮ ಲಾರಿಗಳಲ್ಲಿಯೂ ಎಣಿಸುವ ಯಂತ್ರ ಇಲ್ಲವೆಂದಲ್ಲ. ಗಾಡಿ ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಪೆಟ್ಟಿಗೆ ಈಗ ದೊಡ್ಡ ಕಂಪೆನಿಗಳ ಲಾರಿಗಳಲ್ಲಿ ಸಾಮಾನ್ಯ. ಲಾರಿ ಅರ್ಧ ಗಂಟೆ ನಿಂತರೆ ಕಚೇರಿಯಲ್ಲಿ ಕುಳಿತವನಿಗೆ ಸಂಕೇತ ಬರುತ್ತದೆ. ಅವನು ಫೋನು ಮಾಡಿ ‘ಯಾಕೆ ನಿಂತೆ?’ ಎಂದು ಕೇಳುತ್ತಾನೆ. ಐದು ಗಂಟೆ ಒಂದೇ ಸಮನೆ ಓಡಿದಾಗಲೂ ಅದೇ ಪೆಟ್ಟಿಗೆಯಿಂದ ಸಂಕೇತ ಬರುವಂತೆ ಮಾಡಬಹುದು. ಆಗ ಫೋನು ಮಾಡಿ ‘ಯಾಕೆ ನಿಲ್ಲಲಿಲ್ಲ?’ ಎಂದು ಕೇಳಬಹುದು. ಪೆಟ್ಟಿಗೆ ಅದೇ, ಫೋನಿನ ಖರ್ಚೂ ಅಷ್ಟೇ. ಒಂದು ಲಾರಿ ಕಂಪೆನಿ ಸುರಕ್ಷತೆಯನ್ನು ನಿಜವಾಗಿ ಬಯಸುತ್ತದೋ ಇಲ್ಲವೋ ಎಂದು ತಿಳಿಯಲು ಅದರ ಗೋಡೆಯ ಮೇಲಿನ ಘೋಷಣೆ ಓದಬೇಕಾಗಿಲ್ಲ. ಈ ಎರಡು ಪ್ರಶ್ನೆಗಳಲ್ಲಿ ಯಾವುದನ್ನು ಕೇಳುತ್ತಾರೆ ಎಂದು ಅಲ್ಲಿನ ಚಾಲಕರನ್ನು ವಿಚಾರಿಸಿದರೆ ಸಾಕು.

ಗಡಿಬಿಡಿಯ ಸರಕನ್ನೂ ನಿದ್ದೆಗೆಡದೆ ಸಾಗಿಸಲು ಸಾಧ್ಯ ಎಂಬುದಕ್ಕೆ ಉದಾಹರಣೆ ನಮ್ಮಲ್ಲಿಯೇ ಇದೆ. ಹಿಂದೆ ಅಂಚೆಯ ಓಟಗಾರರಿದ್ದರಲ್ಲ, ಒಬ್ಬ ಒಂದು ಠಾಣೆಯವರೆಗೆ ಓಡಿ ಚೀಲವನ್ನು ಮುಂದಿನವನ ಕೈಗೆ ಕೊಡುತ್ತಿದ್ದ. ಚೀಲ ನಿಲ್ಲುತ್ತಿರಲಿಲ್ಲ, ಮನುಷ್ಯ ನಿಲ್ಲುತ್ತಿದ್ದ. 2014ರಲ್ಲಿ ಶುರುವಾದ ರಿವಿಗೊ ಎಂಬ ಸಾಗಣೆ ಕಂಪೆನಿ ಲಾರಿಗಳಿಗೆ ಇದೇ ಉಪಾಯ ಮಾಡಿತು. ಒಬ್ಬ ಚಾಲಕ ನಾಲ್ಕೈದು ಗಂಟೆ ಓಡಿಸಿ ಗಾಡಿಯನ್ನು ಮತ್ತೊಬ್ಬನಿಗೆ ಒಪ್ಪಿಸುತ್ತಾನೆ, ಎದುರಿನಿಂದ ಬಂದ ಇನ್ನೊಂದು ಲಾರಿ ಹಿಡಿದು ತನ್ನ ಊರಿಗೆ ವಾಪಸಾಗುತ್ತಾನೆ. ಸರಕೂ ಬೇಗ ತಲಪುತ್ತದೆ, ಚಾಲಕನೂ ಮನೆಯಲ್ಲಿ ಮಲಗುತ್ತಾನೆ. ಆ ಕಂಪೆನಿಯ ಮುಖ್ಯ ವ್ಯವಹಾರವನ್ನು 2022ರಲ್ಲಿ ಮಹೀಂದ್ರಾ ಲಾಜಿಸ್ಟಿಕ್ಸ್ ಕೊಂಡಿತು. ಎರಡು ಲಾರಿಯ ಮಾಲೀಕನಿಗೆ ಈ ಉಪಾಯ ಒಬ್ಬನಿಂದಲೇ ಆಗದು. ಆದರೆ ಒಂದೇ ದಾರಿಯಲ್ಲಿ ಗಾಡಿ ಬಿಡುವ ಹತ್ತು ಮಾಲೀಕರ ಸಂಘ ಕೂಡಿದರೆ ಯೋಚಿಸಬಹುದಾದದ್ದೇ.

ರೈಲಿನ ಚಾಲಕನಿಗೆ ಪಾಳಿ ಮುಗಿದ ಊರಿನಲ್ಲಿ ಮಲಗಲು ರನ್ನಿಂಗ್ ರೂಮ್ ಇದೆ. ವಿಮಾನದ ಚಾಲಕರ ವಿಶ್ರಾಂತಿಯ ನಿಯಮ ಬಿಗಿಯಾದಾಗ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆ 2025ರ ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಮಾಡಬೇಕಾಯಿತು, ಪ್ರಯಾಣಿಕರು ಗಲಾಟೆ ಮಾಡಿದರು. ಪೈಲಟ್ ನಿದ್ದೆ ಮಾಡಬೇಕೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ. ಲಾರಿಯವನು ಎಲ್ಲಿ ಮಲಗಬೇಕು? ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿದರೆ ಹಿಂದಿನಿಂದ ಕಾರು ಬಂದು ಗುದ್ದುವ ಭಯ, ಡೀಸೆಲ್ ಕಳ್ಳರ ಭಯ. ಹಗಲು ಮಲಗೋಣವೆಂದರೆ ಬೇಸಿಗೆಯಲ್ಲಿ ಕ್ಯಾಬಿನ್ನು ಒಲೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ ಮಾಡಿದ್ದಾರೆ. ಒಳ್ಳೆಯ ಕೆಲಸ. ಹಳೆಯ ಲಾರಿಗಳು ಇನ್ನೂ ಬಹಳ ವರ್ಷ ಓಡುತ್ತವೆ.

ನಿಮ್ಮ ಮನೆಯಲ್ಲಿ ಚಾಲಕರಿದ್ದರೆ ಒಂದು ಮಾತು. ರಾತ್ರಿ ಅವರಿಗೆ ಫೋನು ಮಾಡಿ ‘ಎಲ್ಲಿದ್ದೀರಿ?’ ಎಂದು ಕೇಳುವುದು ಪ್ರೀತಿಯಿಂದಲೇ. ಓಡುವ ಲಾರಿಯಲ್ಲಿ ಅದಕ್ಕೆ ಉತ್ತರಿಸುವಷ್ಟು ಹೊತ್ತಿನಲ್ಲಿ ಎಷ್ಟು ಮೀಟರ್ ಕಳೆಯುತ್ತದೆ ಎಂಬ ಲೆಕ್ಕ ಮೇಲೆಯೇ ಇದೆ. ನಿಂತಾಗ ಅವರೇ ಮಾಡಲಿ. ಕಣ್ಣು ಎಳೆಯತೊಡಗಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಮಲಗುವುದು ಒಳ್ಳೆಯದು. ಕೆಫೀನ್ ರಕ್ತಕ್ಕೆ ಸೇರಿ ಕೆಲಸ ಶುರುಮಾಡಲು ಅಷ್ಟು ಹೊತ್ತು ಬೇಕು, ಎದ್ದಾಗ ಎರಡರ ಲಾಭವೂ ಸಿಗುತ್ತದೆ. ಎದ್ದಕೂಡಲೇ ಸ್ಟಿಯರಿಂಗ್ ಹಿಡಿಯದೆ ಸ್ವಲ್ಪ ನಡೆದಾಡಬೇಕು. ಇದು ಒಂದೆರಡು ಗಂಟೆಗೆ ಮಾತ್ರ ಆಸರೆ.

ನನ್ನ ಒಂಬತ್ತನೆಯ ತರಗತಿಯಲ್ಲಿ ಲಾರಿ ಚಾಲಕರ ಮಗನೊಬ್ಬನಿದ್ದ. ದೂರ–ಕಾಲದ ನಕ್ಷೆಯ ಪಾಠ ಮಾಡಿದಾಗ ಎಲ್ಲರೂ ಪುಸ್ತಕದ ಸೈಕಲ್ ಸವಾರನನ್ನೇ ಬರೆದು ತಂದರು. ಇವನು ತನ್ನ ತಂದೆಯ ಮುಂಬಯಿ ಟ್ರಿಪ್ಪನ್ನು ಬರೆದು ತಂದ. ತಂದೆ ನಿಂತ ಕಡೆಯಿಂದೆಲ್ಲ ಮನೆಗೆ ಫೋನು ಮಾಡುತ್ತಿದ್ದರಂತೆ, ಊರು ಮತ್ತು ಹೊತ್ತು ಗುರುತುಮಾಡಿಕೊಂಡಿದ್ದ. ನಕ್ಷೆಯಲ್ಲಿ ಗೆರೆ ಮೇಲೇರಿದರೆ ಲಾರಿ ಓಡುತ್ತಿದೆ, ಅಡ್ಡಗೆರೆ ಬಂದರೆ ನಿಂತಿದೆ. ಶಿರಾದ ಹತ್ತಿರ ಊಟಕ್ಕೆ 40 ನಿಮಿಷದ ಒಂದು ಅಡ್ಡಗೆರೆ. ಹಾವೇರಿಯ ಬಳಿ ಚಹಾಕ್ಕೆ 15 ನಿಮಿಷ. ನಿಪ್ಪಾಣಿ ದಾಟುವ ಮೊದಲು ಎರಡು ಗಂಟೆ. ಎಲ್ಲಕ್ಕಿಂತ ಉದ್ದದ ಅಡ್ಡಗೆರೆ ಗೆರೆಯ ತುತ್ತತುದಿಯಲ್ಲಿತ್ತು, ಒಂಬತ್ತು ಗಂಟೆಯದು. ‘ಇಲ್ಲಿ ಮಲಗಿದರೇನೋ?’ ಎಂದು ಕೇಳಿದೆ. ಇಲ್ಲ ಸಾರ್, ಅದು ಗೋಡೌನಿನ ಗೇಟು, ಲೋಡು ಇಳಿಸಲು ಸಾಲಿನಲ್ಲಿ ನಿಂತಿದ್ದು ಎಂದ. ಸಾಲು ಕದಲಿದಾಗಲೆಲ್ಲ ಲಾರಿಯನ್ನು ಹತ್ತು ಮೀಟರ್ ಮುಂದಕ್ಕೆ ತೆಗೆದುಕೊಳ್ಳಬೇಕಿತ್ತಂತೆ. ಮಲಗಿಬಿಟ್ಟರೆ ಹಿಂದಿನವನು ಮುಂದೆ ಹೋಗಿಬಿಡುತ್ತಾನೆ. ಆ ಹತ್ತು ಹತ್ತು ಮೀಟರುಗಳು ಅವನ ನಕ್ಷೆಯ ಪ್ರಮಾಣದಲ್ಲಿ ಕಾಣುವಂತಿರಲಿಲ್ಲ.